ಗೋಮಾಳದ ಗಿಡಗಳು ಮತ್ತು ಗೋಕಟ್ಟೆ: ಮಾಗಡಿ ರಸ್ತೆಯ ಒಂದು ಪ್ರಕರಣ

2023ರ ಜೂನ್ 4, ಭಾನುವಾರ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಸಾಕಷ್ಟು ಮುಂದೆ ಹೋದರೆ ಎಡಕ್ಕೆ ಒಂದು ಹಳ್ಳಿ ಸಿಗುತ್ತದೆ. ಊರಾಚೆ ನಿಂತರೆ ದೂರದಲ್ಲಿ ಸಾವನದುರ್ಗದ ಬಂಡೆ ಕಾಣುತ್ತದೆ. ಆ ಊರಿನ ಗೋಮಾಳದಲ್ಲಿ ಅವತ್ತು ನಾವು 43 ಜನ ಸೇರಿ 220 ಗಿಡ ನೆಟ್ಟೆವು. ಒಂಬತ್ತು ತಿಂಗಳಾದ ಮೇಲೆ ಹೋಗಿ ಎಣಿಸಿದಾಗ ಬದುಕಿದ್ದು 9.

ಹಳ್ಳಿ ಕಡೆ ಹೋಗಿ ಏನಾದರೂ ಒಳ್ಳೆ ಕೆಲಸ ಮಾಡಬೇಕು ಅನ್ನುವ ಆಸೆ ಬೆಂಗಳೂರಿನಲ್ಲಿ ತುಂಬಾ ಜನರಿಗೆ ಇದೆ. ಅದು ನಿಜವಾದ ಆಸೆ. ಅದು ಎಲ್ಲಿ ಎಡವುತ್ತದೆ, ಯಾವಾಗ ಬೇರು ಬಿಡುತ್ತದೆ ಅನ್ನುವುದನ್ನು ಒಂದೇ ಜಾಗದ ಎರಡೂವರೆ ವರ್ಷದ ಓಡಾಟದಿಂದ ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಬೇಕೆಂದೇ ಹಾಕಿಲ್ಲ. ಅಲ್ಲಿಯವರು ಹಾಕಬೇಡಿ ಅಂದರು.

ನಾವು ಯಾರು

ವಿಜಯನಗರ, ಬಸವೇಶ್ವರನಗರ, ನಾಗರಭಾವಿ ಕಡೆಯವರು. ಬೆಳಗ್ಗೆ ಒಂದೇ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾ ಪರಿಚಯ ಆದವರೇ ಜಾಸ್ತಿ. ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ಟೈಲರ್, ಇಬ್ಬರು ಹೈಸ್ಕೂಲ್ ಟೀಚರ್‌ಗಳು, ಸಾಫ್ಟ್‌ವೇರ್‌ನಲ್ಲಿ ಇರುವ ಹುಡುಗ ಹುಡುಗಿಯರು, ಕಾಲೇಜು ಮಕ್ಕಳು. ಗುಂಪಿಗೆ ಹೆಸರಿಲ್ಲ, ನೋಂದಣಿ ಇಲ್ಲ. ಒಂದು ವಾಟ್ಸಾಪ್ ಗ್ರೂಪ್ ಇದೆ, ಅಷ್ಟೇ.

ಪರಿಸರ ದಿನದ ಹಿಂದಿನ ಭಾನುವಾರ ಗಿಡ ನೆಡೋಣ ಅಂತ ಮಾತಾಯಿತು. ಒಂದು ಕಂಪನಿಯವರು ಗಿಡದ ಖರ್ಚು, ಟೀ ಶರ್ಟು, ಬ್ಯಾನರು ಎಲ್ಲ ಕೊಟ್ಟರು. ನಮ್ಮಲ್ಲೊಬ್ಬರ ನೆಂಟರು ಆ ಊರಿನವರು. ಅವರು ಪಂಚಾಯಿತಿಯಲ್ಲಿ ಮಾತಾಡಿ ಜಾಗ ತೋರಿಸಿದರು. "ಬರೀ ಬಯಲು ಬಿದ್ದಿದೆ, ಎಷ್ಟು ಬೇಕಾದರೂ ನೆಡಿ" ಅಂದರು. ಬಯಲು ಅಂದರೆ ಖಾಲಿ ಅಂತಲೇ ನಾವು ಅಂದುಕೊಂಡೆವು. ನಮ್ಮ ಮೊದಲ ತಪ್ಪು ಅದೇ. ಆಮೇಲಿನ ತಪ್ಪುಗಳೆಲ್ಲ ಅದರ ಹಿಂದೆಯೇ ಬಂದವು.

ಅವತ್ತಿನ ಬೆಳಗ್ಗೆ ಚೆನ್ನಾಗಿತ್ತು. ಮೋಡ ಇತ್ತು, ಗಾಳಿ ಇತ್ತು. ಮಕ್ಕಳು ಒಂದೊಂದು ಗಿಡಕ್ಕೂ ಹೆಸರಿಟ್ಟರು. ನಾವು ಗುಂಡಿ ತೆಗೆಯುವಾಗ ಎರಡು ಹಕ್ಕಿಗಳು ತಲೆ ಮೇಲೆ ಕಿರುಚುತ್ತಾ ಸುತ್ತು ಹಾಕುತ್ತಲೇ ಇದ್ದವು. ಉದ್ದ ಕಾಲು, ಕಣ್ಣಿನ ಹತ್ತಿರ ಕೆಂಪು. ಯಾರೋ ವಿಡಿಯೋ ಮಾಡಿದರು. ಅದು ಟಿಟ್ಟಿಭ, ಬರೀ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ, ಯಾರಾದರೂ ಹತ್ತಿರ ಬಂದರೆ ಹೀಗೆ ಕೂಗಿ ಓಡಿಸಲು ನೋಡುತ್ತದೆ ಅಂತ ನನಗೆ ಗೊತ್ತಾದದ್ದು ಒಂದು ವರ್ಷ ಆದ ಮೇಲೆ. ಆ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಈಗ ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಗಿಡ ಯಾಕೆ ಉಳಿಯಲಿಲ್ಲ

ಮಳೆ ಇರಲಿಲ್ಲ ಅನ್ನುವುದು ನಿಜ. ಆ ವರ್ಷ ಮುಂಗಾರು ಕೈಕೊಟ್ಟಿತು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಆದರೆ ಮಳೆಯ ಮೇಲೆ ಹಾಕಿ ಸುಮ್ಮನಾಗುವುದು ಸರಿಯಲ್ಲ.

ಮಲೆನಾಡಿಗೆ ಜೂನ್ ಅಂದರೆ ಮಳೆ. ಬೆಂಗಳೂರು, ಮಾಗಡಿ ಸೀಮೆಗೆ ಹಾಗಲ್ಲ. ಇಲ್ಲಿ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತದೆ. ಜೂನ್, ಜುಲೈನಲ್ಲಿ ಗಾಳಿ ಜಾಸ್ತಿ, ಹನಿ ಕಡಿಮೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳ್ಳೆ ಮಳೆ. ಅದಕ್ಕೇ ಇಲ್ಲಿನ ರೈತರು ರಾಗಿಯನ್ನು ಜುಲೈ, ಆಗಸ್ಟ್ ನೋಡಿಕೊಂಡು ಬಿತ್ತುತ್ತಾರೆ. ನಾವು ಪಂಚಾಂಗ ನೋಡಲಿಲ್ಲ, ಪರಿಸರ ದಿನ ನೋಡಿದೆವು. ಮೇ ಮಳೆಗೆ ಮೆತ್ತಗಾಗಿದ್ದ ನೆಲ ಜೂನ್ ಗಾಳಿಗೆ ಗಟ್ಟಿಯಾಗುವ ಹೊತ್ತಿಗೆ ಗಿಡ ಇಟ್ಟೆವು.

ಗುಂಡಿ ಒಂದು ಅಡಿಯೂ ಇರಲಿಲ್ಲ. ಕೆಳಗೆ ಜಲ್ಲಿಯಂಥ ಮೊರಂ ಮಣ್ಣು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಕೈ ನೋವಾಯಿತು ಅಂತ ಅಷ್ಟಕ್ಕೇ ಬಿಟ್ಟೆವು. ಎಷ್ಟೋ ಗಿಡಗಳ ಬೇರು ಕವರಿನೊಳಗೇ ಸುತ್ತಿಕೊಂಡಿತ್ತು. ಅದನ್ನು ಬಿಡಿಸದೆ ಹಾಗೇ ಇಟ್ಟೆವು. ನೀರು ಹಾಕಲು ಯಾರನ್ನೂ ಗೊತ್ತು ಮಾಡಿರಲಿಲ್ಲ. ಬೇಲಿ ಇಲ್ಲ. ಎರಡು ಸಲ ಟ್ಯಾಂಕರ್ ತರಿಸಿದೆವು. ಆಮೇಲೆ ದಸರಾ, ದೀಪಾವಳಿ, ಮಕ್ಕಳ ಪರೀಕ್ಷೆ. ನವೆಂಬರ್‌ನಲ್ಲಿ ಗ್ರೂಪಿನಲ್ಲಿ "ಗಿಡ ಹೇಗಿವೆ?" ಅಂತ ಒಬ್ಬರು ಕೇಳಿದರು. ಉತ್ತರ ಯಾರೂ ಹಾಕಲಿಲ್ಲ.

ನಾಚಿಕೆಯ ಮಾತು ಅಂದರೆ, ಇದೇ ಮಾಗಡಿ ತಾಲ್ಲೂಕಿನ ಹುಲಿಕಲ್ ಸಾಲುಮರದ ತಿಮ್ಮಕ್ಕನವರ ಊರು. 2019ರಲ್ಲಿ ಪದ್ಮಶ್ರೀ ಪಡೆದು, 2025ರ ನವೆಂಬರ್‌ನಲ್ಲಿ ನಮ್ಮನ್ನು ಅಗಲಿದ ಆ ತಾಯಿ ಮಾಡಿದ್ದೇನು? ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆ ಬದಿಯಲ್ಲಿ ಗಂಡ ಚಿಕ್ಕಯ್ಯನವರ ಜೊತೆ ಆಲದ ಗಿಡ ನೆಟ್ಟರು. ಮೊದಲ ವರ್ಷ ನೆಟ್ಟದ್ದು ಹತ್ತು ಗಿಡ. ಅದಕ್ಕೆ ಕೊಡದಲ್ಲಿ ನೀರು ಹೊತ್ತರು. ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದರು. ಮುಂದಿನ ವರ್ಷ ಇನ್ನಷ್ಟು. ಹಾಗೆ ಮಾಡಿ ಮಾಡಿ ಸಾಲು ಆಯಿತು. ಆ ರಸ್ತೆ ನಾವು ಗಿಡ ನೆಟ್ಟ ಜಾಗದಿಂದ ತುಂಬಾ ದೂರವೇನಿಲ್ಲ. ನಮ್ಮ ಬ್ಯಾನರಿನಲ್ಲಿ ಅವರ ಫೋಟೋ ಕೂಡ ಇತ್ತು. ಅವರ ಫೋಟೋ ತಂದೆವು, ಅವರ ಕೆಲಸದ ಕ್ರಮ ತರಲಿಲ್ಲ. ಅವರು ಮೊದಲ ವರ್ಷ ಹತ್ತು ಗಿಡ ಸಾಕು ಅಂದುಕೊಂಡಲ್ಲಿ ನಾವು ಒಂದೇ ಬೆಳಗ್ಗೆ 220 ಇಟ್ಟು ಮನೆಗೆ ಹೋದೆವು.

ಇಷ್ಟೆಲ್ಲ ಸರಿಯಾಗಿ ಮಾಡಿದ್ದರೂ ಇನ್ನೊಂದು ತೊಂದರೆ ಉಳಿಯುತ್ತಿತ್ತು. ಆ ಜಾಗವೇ ಗಿಡ ನೆಡುವ ಜಾಗವಲ್ಲ. ಅದನ್ನು ನಮಗೆ ಹೇಳಿದ್ದು ಒಬ್ಬ ಅಜ್ಜಿ.

ಅಜ್ಜಿಯ ಮಾತು

2024ರ ಮಾರ್ಚ್ 10. ಶಿವರಾತ್ರಿ ಕಳೆದು ಎರಡು ದಿನ. ನಾವು ಆರು ಜನ ಬಸ್ಸಿನಲ್ಲಿ ಹೋಗಿ ಗಿಡ ಎಣಿಸಿದೆವು. ಬೆಂಗಳೂರಿನಲ್ಲಿ ಆಗ ನೀರಿಗೆ ಹಾಹಾಕಾರ. ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಸಾಲು ನಿಂತಿದ್ದ ಬೇಸಿಗೆ ಅದು. ಗೋಮಾಳದಲ್ಲಿ ಹುಲ್ಲು ಕೂಡ ಬೂದಿ ಬಣ್ಣಕ್ಕೆ ತಿರುಗಿತ್ತು. ಒಣ ಕಡ್ಡಿ ಹುಡುಕಿ ಹುಡುಕಿ ಎಣಿಸುತ್ತಿದ್ದಾಗ ಹತ್ತಿಪ್ಪತ್ತು ಕುರಿ, ಮೂರು ಹಸು ಹೊಡೆದುಕೊಂಡು ಒಬ್ಬ ಅಜ್ಜಿ ಬಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಏನ್ ಹುಡುಕ್ತಾ ಇದೀರಪ್ಪಾ?"

"ಗಿಡ ಅಜ್ಜಿ. ಹೋದ ವರ್ಷ ನೆಟ್ಟಿದ್ವಿ."

"ಓ, ನೀವೇನಾ. ಅಲ್ಲಾ ಕಂದಾ, ಹುಲ್ಲಿರೋ ಜಾಗಕ್ಕೆ ಗುಂಡಿ ತೋಡುದ್ರಲ್ಲ, ನಮ್ ಕುರಿ ಎಲ್ಲಿಗೆ ಹೋಗ್ಬೇಕು? ಗಿಡ ದೊಡ್ದಾದ್ರೆ ಹುಲ್ಲು ಬತ್ತದಾ? ಗುಂಡಿಗೆ ಕಾಲಿಟ್ಟು ನಮ್ ಹಸ ಒಂದು ಕುಂಟ್ತಾ ಐತೆ ನೋಡು."

ಕೋಪದಿಂದ ಹೇಳಲಿಲ್ಲ. ಅದೇ ನಮಗೆ ಇನ್ನೂ ಜಾಸ್ತಿ ತಾಗಿತು.

ಗೋಮಾಳ ಅಂದರೆ ಊರಿನ ದನಕರು ಮೇಯಲು ಬಿಟ್ಟ ಸರ್ಕಾರಿ ಜಾಗ. ನಮ್ಮ ರಾಜ್ಯದ ಭೂಕಂದಾಯ ನಿಯಮದಲ್ಲಿ ಪ್ರತಿ 100 ದನಗಳಿಗೆ 30 ಎಕರೆಯಷ್ಟು ಮೇವಿಗೆ ಇರಬೇಕು ಅಂತ ಇದೆ. ಸ್ವಂತ ಜಮೀನು ಇಲ್ಲದವರ ಕುರಿ, ಮೇಕೆ ಬದುಕುವುದೇ ಅಲ್ಲಿ. ಮರ ಇಲ್ಲದ ಬಯಲು ನಮ್ಮ ಕಣ್ಣಿಗೆ ಖಾಲಿ. ಅವರ ಕಣ್ಣಿಗೆ ಅದು ಮೇವಿನ ಕಣಜ. ಟಿಟ್ಟಿಭ, ನೆಲಗುಬ್ಬಿ, ಗೌಜಲಕ್ಕಿ, ಮೊಲ ಇವಕ್ಕೂ ಬೇಕಾದದ್ದು ಇಂಥ ಬಯಲೇ. ಹೆಸರಘಟ್ಟದ ಹುಲ್ಲುಗಾವಲನ್ನು ಹಾಗೇ ಉಳಿಸಿ ಅಂತ ಹಕ್ಕಿ ನೋಡುವವರು ಎಷ್ಟೋ ವರ್ಷದಿಂದ ಹೇಳುತ್ತಾ ಬಂದದ್ದು ಇದಕ್ಕೇ. ಹುಲ್ಲುಗಾವಲಿಗೆ ಮರ ತುಂಬಿದರೆ ಅದು ಕಾಡು ಆಗುವುದಿಲ್ಲ. ಇದ್ದ ಹುಲ್ಲುಗಾವಲೂ ಹೋಗುತ್ತದೆ.

ನಾವು ಕೇಳಿದೆವು. "ಹಾಗಾದ್ರೆ ಏನ್ ಮಾಡಿದ್ರೆ ನಿಮಗೆ ಅನುಕೂಲ ಅಜ್ಜಿ?"

ಅಜ್ಜಿ ಕೋಲಿನಿಂದ ಇಳಿಜಾರಿನ ಕಡೆ ತೋರಿಸಿದರು. "ಅಕಾ, ಅಲ್ಲಿ ಕಟ್ಟೆ ಐತಲ್ಲ. ನಮ್ ಮಾವನ್ ಕಾಲ್ದಾಗೆ ಯುಗಾದಿಗಂಟ ನೀರು ನಿಲ್ತಿತ್ತು. ಈಗ ದನಕ್ಕೆ ನೀರು ಕುಡಿಸಕ್ಕೆ ಅಷ್ಟ್ ದೂರ ಹೋಯ್ತೀನಿ. ಕೈಯಾಗಾದ್ರೆ ಅದ್ನ ಮಾಡಿ."

ಮುಂದಿನ ಕೆಲಸಕ್ಕೆಲ್ಲ ಅದೇ ಯೋಜನಾ ವರದಿ. ಕುಂಟುತ್ತಿದ್ದ ಹಸುವಿನ ಚಿಕಿತ್ಸೆಗೆ ನಾವು ದುಡ್ಡು ಸೇರಿಸಿ ಕೊಟ್ಟೆವು. ಅಜ್ಜಿ ಮೊದಲು ಬೇಡ ಅಂದರು, ಆಮೇಲೆ ತೆಗೆದುಕೊಂಡರು. ಅವತ್ತೇ ಗೋಮಾಳದ ಗುಂಡಿಗಳನ್ನು ಮುಚ್ಚಲು ಶುರು ಮಾಡಿದೆವು.

ಕಟ್ಟೆ

ಕೆರೆ ಬೇರೆ, ಗೋಕಟ್ಟೆ ಬೇರೆ. ಕೆರೆಗೆ ತೂಬು ಇರುತ್ತದೆ, ಅಚ್ಚುಕಟ್ಟು ಇರುತ್ತದೆ, ನೀರು ಬಿಡಲು ಹಿಂದೆ ನೀರುಗಂಟಿ ಇರುತ್ತಿದ್ದರು. ಗೋಕಟ್ಟೆಗೆ ಅದೆಲ್ಲ ಇಲ್ಲ. ಇಳಿಜಾರಿನ ನೀರಿಗೆ ಅಡ್ಡಲಾಗಿ ಒಂದು ಮಣ್ಣಿನ ಏರಿ, ಜಾಸ್ತಿ ಆದ ನೀರು ಹೋಗಲು ಒಂದು ಪಕ್ಕ ಸಣ್ಣ ಕೋಡಿ, ಅಷ್ಟೇ. ದನ, ಕುರಿ, ಹಕ್ಕಿ, ನರಿ ಎಲ್ಲಕ್ಕೂ ನೀರು. ಈ ಕಟ್ಟೆ ಅರ್ಧ ಎಕರೆ ಇರಬಹುದು.

ನಾವು ನೋಡಿದಾಗ ಅದು ಕಟ್ಟೆ ಅಂತ ಹೇಳಿದರೆ ಮಾತ್ರ ಗೊತ್ತಾಗುವ ಹಾಗಿತ್ತು. ಹೂಳು ತುಂಬಿ ತಟ್ಟೆಯ ಹಾಗೆ ಚಪ್ಪಟೆ ಆಗಿತ್ತು. ಏರಿ ತುಂಬಾ ಲಂಟಾನ. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆ ಅಂತ ತಂದ ಗಿಡ ಈಗ ಸಾವನದುರ್ಗದ ಬುಡದವರೆಗೂ ಹಬ್ಬಿದೆ. ನೀರು ಒಳಗೆ ಬರುವ ಕಾಲುವೆ ಬಾಯಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಬಾಟಲಿ, ಹಳೇ ಹಾಸಿಗೆ. ವಾರದ ಕೊನೆಗೆ ಬೆಟ್ಟ ನೋಡಲು ಬರುವವರು ಬಿಟ್ಟು ಹೋದದ್ದೇ ಅದರಲ್ಲಿ ಜಾಸ್ತಿ. ಅಂದರೆ ನಮ್ಮಂಥವರೇ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕಂಡೆವು. ಲೋಕಸಭೆ ಚುನಾವಣೆ ನೀತಿ ಸಂಹಿತೆ ಬಂದುಬಿಟ್ಟಿತ್ತು. ಹೊಸ ಕಾಮಗಾರಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಯಂತ್ರ ಇಳಿಸದೆ ಕೈಯಲ್ಲಿ ಸ್ವಚ್ಛ ಮಾಡುವುದಾದರೆ ಮಾಡಿ ಅಂದರು. ಹೂಳಿನ ವಿಚಾರ ಊರಿನವರೇ ಬಗೆಹರಿಸಿದರು. ಕಟ್ಟೆಯ ಗೋಡು ಹೊಲಕ್ಕೆ ಹಾಕಿದರೆ ರಾಗಿ ಚೆನ್ನಾಗಿ ಬರುತ್ತದೆ ಅನ್ನುವುದು ಅವರಿಗೆ ತಾತನ ಕಾಲದಿಂದ ಗೊತ್ತು. ನಾಲ್ಕು ಮನೆಯವರು ತಮ್ಮ ಟ್ರ್ಯಾಕ್ಟರ್ ತಂದು ತುಂಬಿಕೊಂಡರು. ನಾವು ಅಗೆದು ಬಾಂಡಲಿಯಲ್ಲಿ ತುಂಬಿ ಕೊಡುವುದು, ಅವರು ಸಾಗಿಸುವುದು. ಯಾರೂ ಯಾರಿಗೂ ದುಡ್ಡು ಕೊಡಲಿಲ್ಲ.

ಮಾರ್ಚ್ 24ರಿಂದ ಮೇ 5ರವರೆಗೆ 7 ಭಾನುವಾರ. ಬೆಳಗ್ಗೆ ಏಳರಿಂದ ಹತ್ತರವರೆಗೆ ಮಾತ್ರ. ಹತ್ತರ ಮೇಲೆ ಬಿಸಿಲು ತಡೆಯಲು ಆಗುತ್ತಿರಲಿಲ್ಲ. ಮೊದಲ ದಿನ 31 ಜನ ಬಂದರು. ಎರಡನೇ ವಾರ 18. ಯುಗಾದಿ ಹೊತ್ತಿಗೆ 9. ಕೊನೆಗೆ 7. ಟೀ ಶರ್ಟ್ ಇರಲಿಲ್ಲ, ಫೋಟೋ ತೆಗೆಸಿಕೊಳ್ಳಲು ಚೆಂದದ ಗಿಡ ಇರಲಿಲ್ಲ. ಕೆಸರು, ಬೆವರು, ಮುಳ್ಳು. ಬರದವರ ಬಗ್ಗೆ ನನಗೆ ಬೇಜಾರಿಲ್ಲ. ಎಲ್ಲರಿಗೂ ಮನೆ ಇದೆ, ಭಾನುವಾರ ಒಂದೇ ರಜೆ.

ಲಂಟಾನ ತೆಗೆಯುವುದರಲ್ಲಿ ಒಂದು ಕ್ರಮ ಇದೆ. ಮಚ್ಚಿನಲ್ಲಿ ಮೇಲೆ ಮೇಲೆ ಕಡಿದರೆ ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ. ಬುಡದ ಗಂಟಿನ ಕೆಳಗೆ ಪಿಕಾಸಿ ಹಾಕಿ ಬೇರು ಕತ್ತರಿಸಬೇಕು. ಕಿತ್ತ ಗಿಡವನ್ನು ತಲೆಕೆಳಗೆ ಇಟ್ಟು ಒಣಗಿಸಬೇಕು. ಇಲ್ಲದಿದ್ದರೆ ನೆಲ ತಾಗಿದ ಕಡೆ ಮತ್ತೆ ಬೇರು ಬಿಡುತ್ತದೆ. ಹಣ್ಣು ಕಪ್ಪಾಗುವ ಮೊದಲು ಮಾಡಿದರೆ ಒಳ್ಳೆಯದು. ಪಿಕಳಾರಗಳು ಹಣ್ಣು ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ. ನಾವು ಹುಮ್ಮಸ್ಸಿನಲ್ಲಿ ಏರಿ ಮೇಲೂ ಬೇರು ಕೀಳಲು ಹೊರಟಾಗ ಊರಿನ ಯಜಮಾನರೊಬ್ಬರು ತಡೆದರು. "ಏರಿ ಮ್ಯಾಲೆ ಬೇರು ಕಿತ್ರೆ ಮಣ್ ಸಡ್ಲ ಆಯ್ತದೆ ಸ್ವಾಮಿ. ಮೊದುಲ್ನೇ ಮಳೆಗೇ ಏರಿ ಕುಸಿತದೆ." ಅಲ್ಲಿ ನೆಲಮಟ್ಟಕ್ಕೆ ಕಡಿದು, ಗರಿಕೆ ಹುಲ್ಲಿನ ಗಡ್ಡೆ ತಂದು ಹಾಕಿದೆವು. ಚಿಗುರಿದ್ದನ್ನು ಪ್ರತಿ ಸಲ ಹೋದಾಗ ಕೈಯಲ್ಲಿ ಕಿತ್ತೆವು. ನಿಧಾನದ ಕೆಲಸ, ಆದರೆ ಏರಿ ನಿಂತಿದೆ.

ಒಂದು ಬಳ್ಳಾರಿ ಜಾಲಿ ಮರ ನೀರಿನ ಕಡೆಗೆ ಬಾಗಿತ್ತು. ಅದನ್ನೂ ಕಡಿಯೋಣ ಅಂದೆವು. ನಮ್ಮ ಜೊತೆ ಮಣ್ಣು ಹೊರುತ್ತಿದ್ದ ಏಳನೇ ಕ್ಲಾಸಿನ ಹುಡುಗ ಬೇಡವೇ ಬೇಡ ಅಂದ. "ಅದ್ರಾಗೆ ಗೀಜಗ ಗೂಡು ಕಟ್ತವೆ ಅಂಕಲ್, ನೀರಿದ್ದ ವರ್ಷ." ಮರ ಉಳಿಯಿತು.

ಕೈಗವಸು, ಗಟ್ಟಿ ಶೂ, ಉದ್ದ ಕೋಲು ಇಲ್ಲದೆ ಲಂಟಾನ ಪೊದೆಗೆ ಕೈ ಹಾಕಬಾರದು ಅಂತ ಮೊದಲೇ ಮಾತಾಗಿತ್ತು. ಮೂರನೇ ವಾರ ಪೊದೆಯೊಳಗೆ ಕೊಳಕುಮಂಡಲ ಕಂಡಿತು. ಕುಕ್ಕರ್ ವಿಸಿಲ್ ಹಾಗೆ ಬುಸ್ ಅಂತು. ಎಲ್ಲರೂ ಹಿಂದೆ ಸರಿದು ನಿಂತೆವು, ಅದರ ಪಾಡಿಗೆ ಅದು ಹೋಯಿತು. ಅವತ್ತಿನಿಂದ ಒಂದು ಕಾರು ಯಾವಾಗಲೂ ಊರಿನ ಕಡೆ ಮುಖ ಮಾಡಿ ನಿಲ್ಲಿಸಿರುತ್ತೇವೆ. ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿ ಎಲ್ಲರ ಫೋನಿನಲ್ಲೂ ನಂಬರ್ ಇಟ್ಟಿದ್ದೇವೆ. ಕಚ್ಚಿದರೆ ಕುಯ್ಯುವುದು, ಹಗ್ಗ ಬಿಗಿಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಅಲ್ಲಾಡಿಸದೆ ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೊರಗೆ ಇಂಥ ಕೆಲಸಕ್ಕೆ ಹೋಗುವ ಯಾವ ಗುಂಪಾದರೂ ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಲಿ.

ಮೇ ಮೊದಲ ವಾರದಲ್ಲಿ ಮಳೆ ಬಂತು. ಬೆಂಗಳೂರಿಗೆ ಆ ಬೇಸಿಗೆಯಲ್ಲಿ ಅಷ್ಟು ಕಾದ ಮಳೆ ಇನ್ನೊಂದಿರಲಿಲ್ಲ. ಮರುದಿನ ಬೆಳಗ್ಗೆ ಆ ಹುಡುಗ ಅವರಮ್ಮನ ಫೋನಿನಿಂದ ಒಂದು ಫೋಟೋ ಕಳಿಸಿದ. ಕಟ್ಟೆಯ ಮಧ್ಯೆ ಮೊಣಕಾಲುದ್ದ ಕೆಂಪು ನೀರು. ಅದರಲ್ಲಿ ಅಜ್ಜಿಯ ಮೂರು ಹಸು. ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಸುರಿದು ಜೂನ್ ತಿಂಗಳ ಮಟ್ಟಿಗೆ ದಾಖಲೆ ಆಯಿತು. ನಗರದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿದ್ದಾಗ ನಾವು ಏಳು ಜನ ಫೋನ್ ಮೇಲೆ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು. ಏರಿ ನಿಂತಿದೆಯಾ?

ಉಳಿದ ಏಳು ಜನ

ನಾನು ಈ ಪ್ರಕರಣದಲ್ಲಿ ಜಾಸ್ತಿ ಯೋಚಿಸಿದ್ದು ಇದನ್ನು. 43ರಲ್ಲಿ ಯಾರು ಉಳಿದರು, ಯಾಕೆ ಉಳಿದರು? ಉಳಿದವರು ಹೆಚ್ಚು ಒಳ್ಳೆಯವರು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಅಲ್ಲಿ ಕೆಲಸದ ಜೊತೆಗೆ ಇನ್ನೊಂದು ಗೀಳು ಹತ್ತಿತ್ತು.

ಟೈಲರ್ ಅಣ್ಣನಿಗೆ ಹಕ್ಕಿ. ಅಂಗಡಿಯಲ್ಲಿ ದಿನಾ ತಲೆ ಬಗ್ಗಿಸಿ ಕೂರುವವರು, ಇಲ್ಲಿ ತಲೆ ಎತ್ತಿ ನೋಡುವುದೇ ಒಂದು ಸುಖ ಅನ್ನುತ್ತಾರೆ. ಸೆಕೆಂಡ್ ಹ್ಯಾಂಡ್ ದುರ್ಬೀನು ತೆಗೆದುಕೊಂಡರು. ಜೇಬಿನಲ್ಲಿ ಸಣ್ಣ ನೋಟ್‌ಬುಕ್. ದಿನಾಂಕ, ಗಂಟೆ, ಹಕ್ಕಿಯ ಹೆಸರು, ಎಷ್ಟು. ಬಟ್ಟೆ ಅಳತೆ ಬರೆಯುವ ಅದೇ ಶಿಸ್ತು. ಅವರ ನೋಟ್‌ಬುಕ್ಕಿನಲ್ಲಿ ಕಟ್ಟೆಯ ಕಥೆ ಪೂರ್ತಿ ಇದೆ. ನೀರು ನಿಂತ ಕೆಲವೇ ವಾರಕ್ಕೆ ಬೆಳ್ಳಕ್ಕಿ. ಆಮೇಲೆ ಮಿಂಚುಳ್ಳಿ. ಆಗಸ್ಟ್‌ನಲ್ಲಿ ಆ ಜಾಲಿ ಮರದಲ್ಲಿ ಗೀಜಗದ ಗೂಡು, ಹುಡುಗ ಹೇಳಿದ ಹಾಗೆಯೇ. ಅಕ್ಟೋಬರ್‌ನಲ್ಲಿ ಉತ್ತರದಿಂದ ಬಂದ ಸಿಪಿಲೆ, ಬಾಲ ಕುಣಿಸುತ್ತಾ ನೀರಿನ ಅಂಚಿನಲ್ಲಿ. 2025ರ ಫೆಬ್ರವರಿ 16ರಂದು, ಪ್ರಪಂಚದ ಎಲ್ಲ ಕಡೆ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಗೆ ಅವರು ಕಟ್ಟೆಯ ಪಟ್ಟಿಯನ್ನೂ ಹಕ್ಕಿ ಲೆಕ್ಕ ಇಡುವ ಜಾಲತಾಣ ಇ-ಬರ್ಡ್‌ಗೆ ಹಾಕಿದರು. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿ ಎಣಿಸಿದರೆ ಸಾಕು, ಯಾರು ಬೇಕಾದರೂ ಸೇರಬಹುದು. ಅವತ್ತು ಊರಿನ ಮಕ್ಕಳು ಎಂಟು ಜನ ಜೊತೆಗಿದ್ದರು. ಟಿಟ್ಟಿಭ ಎರಡು ಅಂತ ಬರೆಸಿದ್ದು ಅವರೇ. ನನಗೆ ಆ ಎರಡು ಹಕ್ಕಿ ಕಂಡದ್ದು ದೊಡ್ಡ ಸಮಾಧಾನ.

ಇಬ್ಬರು ಟೀಚರ್ ಅಕ್ಕಂದಿರಿಗೆ ಸೊಪ್ಪು. ಮಳೆ ಬಿದ್ದು ಹದಿನೈದು ದಿನಕ್ಕೆ ರಾಗಿ ಹೊಲದ ಬದು, ಕಟ್ಟೆಯ ಕೆಳಗಿನ ತೇವದ ಜಾಗ ಎಲ್ಲ ಕಡೆ ತಾನಾಗಿ ಸೊಪ್ಪು ಏಳುತ್ತದೆ. ಅಜ್ಜಿ ಇವರನ್ನು ಕರೆದುಕೊಂಡು ಮಡಿಲು ತುಂಬಾ ಕುಯ್ಯಲು ಹೋಗುತ್ತಾರೆ. ಅಣ್ಣೆ ಸೊಪ್ಪು, ಹೊನಗನ್ನೆ, ಗಣಿಕೆ, ತಗಚೆ, ಒಂದೆಲಗ, ಕಿರಕಸಾಲೆ. ಯಾವುದು ಎಳೆಯದು, ಯಾವುದು ಕಹಿ, ಯಾವುದನ್ನು ಸ್ವಲ್ಪ ಮಾತ್ರ ಹಾಕಬೇಕು ಅಂತ ಕೈಗೆ ಕೊಟ್ಟು ಹೇಳುತ್ತಾರೆ. ಬೆರಕೆ ಸೊಪ್ಪಿನ ಸಾರಿಗೆ ಎಷ್ಟು ತರಹ ಸೇರಿದರೆ ಅಷ್ಟು ರುಚಿ. ಬೇರು ಸಮೇತ ಕೀಳಬಾರದು, ಕುಡಿ ಮಾತ್ರ ಚಿವುಟಬೇಕು. ರಸ್ತೆ ಬದಿಯದ್ದು, ಔಷಧಿ ಹೊಡೆದ ಹೊಲದ್ದು ಬೇಡ. ಗುರುತು ಗಟ್ಟಿ ಇಲ್ಲದಿದ್ದರೆ ಮುಟ್ಟಲೇಬಾರದು. ಟೀಚರ್ ಅಕ್ಕ ಈಗ ಒಂದು ಪುಸ್ತಕದಲ್ಲಿ ಎಲೆ ಒಣಗಿಸಿ ಅಂಟಿಸುತ್ತಿದ್ದಾರೆ. ಪಕ್ಕದಲ್ಲಿ ಅಜ್ಜಿ ಹೇಳಿದ ಹೆಸರು, ಅಜ್ಜಿ ಹೇಳಿದ ಅಡುಗೆ.

ಬ್ಯಾಂಕಿನ ರಾಯರಿಗೆ ಅರಳಿಕಟ್ಟೆ. ಕೆಲಸ ಮುಗಿದ ಮೇಲೆ ಊರಿನ ಹಿರಿಯರ ಜೊತೆ ಕೂತು ಚೌಕಾಬಾರ ಆಡುತ್ತಾರೆ. ಹುಣಸೆ ಬೀಜ ಒಡೆದು ಮಾಡಿದ ಕವಡೆ, ಸೀಮೆಸುಣ್ಣದ ಮನೆ. ಆ ಆಟದ ನಡುವೆಯೇ ಊರಿನ ವಿಷಯ ಎಲ್ಲ ಗೊತ್ತಾಗುವುದು. ಯಾರ ಹೊಲಕ್ಕೆ ಗೋಡು ಬೇಕು, ಮೇಲಿನ ಜಮೀನು ಯಾರು ಮಾರಿದರು, ಕಾಲುವೆಗೆ ಯಾರು ಮಣ್ಣು ಹಾಕಿದರು. ನಮ್ಮ ಎಲ್ಲ ಮೀಟಿಂಗಿಗಿಂತ ಆ ಚೌಕಾಬಾರದ ಮನೆಯಲ್ಲಿ ಜಾಸ್ತಿ ಕೆಲಸ ಆಗಿದೆ.

ಸಾಫ್ಟ್‌ವೇರ್ ಹುಡುಗಿಗೆ ಏರೋಪ್ಲೇನ್ ಚಿಟ್ಟೆಯ ಫೋಟೋ. ಇನ್ನೊಬ್ಬನಿಗೆ ಸುಮ್ನೆ ನಡೆಯುವುದು. ಕೆಲಸ ಆದ ಮೇಲೆ ಬಸ್ ಸಿಗುವವರೆಗೆ ಮಣ್ಣು ದಾರಿಯಲ್ಲಿ ನಾಲ್ಕೈದು ಕಿಲೋಮೀಟರ್. ನನಗೆ ಮರ. ಏರಿ ಕೆಳಗಿನ ಒಂದು ಹಳೇ ಹೊಂಗೆ ಮರ ಯಾವ ವಾರ ಎಲೆ ಉದುರಿಸಿತು, ಯಾವಾಗ ಚಿಗುರಿತು, ಯಾವಾಗ ಹೂವು ಬಿತ್ತು ಅಂತ ಬರೆದಿಡುತ್ತೇನೆ. ಎರಡು ವರ್ಷದ ಪುಟ ಪಕ್ಕ ಪಕ್ಕ ಇಟ್ಟು ನೋಡಿದರೆ ಮಳೆ ಹಿಂದೆ ಮುಂದೆ ಆದದ್ದು ಆ ಮರದಲ್ಲಿ ಕಾಣುತ್ತದೆ.

ಸೇವೆ ಅಂತ ಮಾತ್ರ ಬಂದವರಿಗೆ ಸೇವೆ ಮುಗಿದ ದಿನ ಬರುವ ಕಾರಣವೂ ಮುಗಿಯಿತು. ಖುಷಿಗೆ ಅಂತ ಬಂದವರು ಬರುತ್ತಲೇ ಇದ್ದರು. ಬಂದಾಗ ಕಣ್ಣಿಗೆ ಬಿದ್ದ ಕೆಲಸ ಮಾಡಿದರು. ಹಕ್ಕಿ ನೋಡಲು ಹೋದ ಟೈಲರ್ ಅಣ್ಣನೇ ಏರಿಯಲ್ಲಿ ಏಡಿ ಕೊರೆದ ತೂತು ಮೊದಲು ನೋಡಿದ್ದು. ಸೊಪ್ಪು ಕುಯ್ಯಲು ಹೋದ ಅಕ್ಕನೇ ಕಾಲುವೆ ಮುಚ್ಚಿದ್ದನ್ನು ಹೇಳಿದ್ದು. ಗಿಡ ನೆಟ್ಟು ಹೋದ ವರ್ಷ ಇಂಥ ಕಣ್ಣು ಒಂದೂ ಅಲ್ಲಿರಲಿಲ್ಲ.

ಬೇಡ ಅಂದದ್ದು

2025ರ ಶುರುವಿನಲ್ಲಿ ಪಂಚಾಯಿತಿ ನರೇಗಾದಲ್ಲಿ ಕಟ್ಟೆಯನ್ನು ಇನ್ನೂ ಮೂರಡಿ ಆಳ ಮಾಡಿತು. ಊರಿನ ಹೆಣ್ಣುಮಕ್ಕಳೇ ಕೆಲಸ ಮಾಡಿ ಕೂಲಿ ಪಡೆದರು. ಅದಾದ ಮೇಲೆ ಬೇರೊಂದು ಕಂಪನಿಯವರು ಬಂದು ನೋಡಿದರು. ಸುತ್ತ ಕಲ್ಲಿನ ಗೋಡೆ, ತಂತಿ ಬೇಲಿ, ನಡೆಯುವ ದಾರಿಗೆ ಟೈಲ್ಸ್, ಬೆಂಚು ಎಲ್ಲ ಹಾಕಿಸಿಕೊಡುತ್ತೇವೆ ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಎರಡು ವರ್ಷದ ಹಿಂದೆ ನಾವಾಗಿದ್ದರೆ ತಕ್ಷಣ ಹೂಂ ಅನ್ನುತ್ತಿದ್ದೆವು.

ಅರಳಿಕಟ್ಟೆಯಲ್ಲಿ ಕೂತು ಮಾತಾಡಿದೆವು. ಗೋಡೆ ಕಟ್ಟಿದರೆ ದನ ನೀರಿಗೆ ಇಳಿಯುವುದು ಹೇಗೆ? ಗೋಕಟ್ಟೆಗೆ ಕನಿಷ್ಠ ಎರಡು ಕಡೆ ಅಗಲವಾದ, ನಿಧಾನ ಇಳಿಜಾರು ಬೇಕು. ಕಡಿದಾದ ದಂಡೆ ಇದ್ದರೆ ಕರು ಜಾರುತ್ತದೆ, ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಕ್ಕರೆ ಬೆಳ್ಳಕ್ಕಿಗೂ ಕಾಲೂರಲು ತೆಳು ನೀರಿನ ಅಂಚು ಬೇಕು. ಬೇಲಿ ಹಾಕಿದ ಮೇಲೆ ಕಟ್ಟೆ ದನದ್ದಾಗಿ ಉಳಿಯುವುದಿಲ್ಲ. ಹಿರಿಯರು ಬೇಡ ಅಂದರು. ನಾವೂ ಅದನ್ನೇ ಹೇಳಿದೆವು. ಬದಲಿಗೆ ಹಾರೆ, ಪಿಕಾಸಿ, ಬಾಂಡಲಿ, ಕೈಗವಸು ಕೊಡಿಸಿ ಅಂತ ಕೇಳಿದೆವು. ಕೊಡಿಸಿದರು. ಅವು ಶಾಲೆಯ ರೂಮಿನಲ್ಲಿವೆ.

ಗಿಡವನ್ನು ಪೂರ್ತಿ ಬಿಟ್ಟಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ, ಮಳೆ ಹಿಡಿದ ಮೇಲೆ, 14 ಗಿಡ ಇಟ್ಟೆವು. ದನ ನೀರು ಕುಡಿದು ನಿಲ್ಲುವ ಕಡೆ ನೆರಳಿಗೆ. ಹೊಂಗೆ, ಅತ್ತಿ, ನೇರಳೆ. ಎಲ್ಲಿ ಅಂತ ಅಜ್ಜಿ ಕೋಲೂರಿ ತೋರಿಸಿದರು. ಗುಂಡಿ ಎರಡಡಿ, ಅದಕ್ಕೆ ಕಟ್ಟೆಯದೇ ಗೋಡು. ಹೊಂಗೆಗೆ ಕುರಿ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಆದರೂ ಎಲ್ಲಕ್ಕೂ ಜಾಲಿ ಮುಳ್ಳು ಕಟ್ಟಿದೆವು. ಬೇಸಿಗೆಯಲ್ಲಿ ಗಿಡಕ್ಕೆ ಒಂದು ಕೊಡ, ವಾರಕ್ಕೊಂದು ಸಲ, ಊರಿನ ಮೂವರು ಹುಡುಗರ ಪಾಳಿ. ಈಗ 2025ರ ಡಿಸೆಂಬರ್. 11 ಬದುಕಿವೆ. ಗೋಮಾಳದ ಆ 9ರಲ್ಲಿ 6 ಉಳಿದಿವೆ. ಅವು ಬಂಡೆ ಪಕ್ಕದಲ್ಲಿ ಇರುವುದರಿಂದ ಅಜ್ಜಿ ಇರಲಿ ಬಿಡಿ ಅಂದಿದ್ದಾರೆ.

ಬಗೆಹರಿಯದ್ದೂ ಒಂದಿದೆ. ಕಟ್ಟೆಗೆ ನೀರು ಬರುವ ಮೇಲಿನ ಇಳಿಜಾರಿನಲ್ಲಿ ಹೊಸ ಬಡಾವಣೆಗೆ ಕಲ್ಲು ನೆಟ್ಟಿದ್ದಾರೆ. ಮಣ್ಣು ರಸ್ತೆ ಕಾಲುವೆಗೆ ಅಡ್ಡ ಬಂದಿದೆ. ಈ ಸಲದ ಹಿಂಗಾರಿನಲ್ಲಿ ಅರ್ಧ ನೀರು ಪಕ್ಕದ ಹಳ್ಳಕ್ಕೆ ಹೋಯಿತು. ರಸ್ತೆ ಕೆಳಗೆ ಕೊಳವೆ ಹಾಕಿಸಿ ಅಂತ ಊರಿನವರು ಸಹಿ ಮಾಡಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ಅದರ ಜೊತೆ ಟೈಲರ್ ಅಣ್ಣನ ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್ ಇದೆ. ಯಾವ ತಿಂಗಳು ಎಷ್ಟು ನೀರಿತ್ತು, ಯಾವ ಹಕ್ಕಿ ಬಂತು, ಎಷ್ಟು ದನ ಕುಡಿದವು ಅಂತ ಅದರಲ್ಲಿ ಬರೆದಿದೆ. ಉತ್ತರ ಇನ್ನೂ ಬಂದಿಲ್ಲ.

ಈ ಭಾನುವಾರ ಹೋದಾಗ ಅವರೆಕಾಯಿ ಕಾಲ ಶುರುವಾಗಿತ್ತು. ಹೊಲದ ಬದುವಿನಲ್ಲಿ ಸೊಗಡಿನ ವಾಸನೆ. ಕಟ್ಟೆಯಲ್ಲಿ ನೀರು ಸೊಂಟದುದ್ದ ಇದೆ, ಸಂಕ್ರಾಂತಿ ದಾಟುತ್ತದೆ. ಯುಗಾದಿಗಂಟ ನಿಲ್ಲುತ್ತಾ ಅಜ್ಜಿ ಅಂತ ಕೇಳಿದೆ. ಅಜ್ಜಿ ನೀರು ನೋಡಿದರು, ಆಕಾಶ ನೋಡಿದರು, ಮೇಲಿನ ಮಣ್ಣು ರಸ್ತೆ ನೋಡಿದರು.

"ಕಾಲ್ವೆ ಬಿಡಿಸುದ್ರೆ ನಿಲ್ತದೆ" ಅಂದರು.

ಮುಂದಿನ ಭಾನುವಾರ ಏಳು ಗಂಟೆಗೆ ಹಾರೆ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇವೆ.